ಕಮಲಾ ಹ್ಯಾರಿಸ್ ಸೋಲಿಗೆ ಹೇಳುವ ಕಾರಣಗಳಲ್ಲಿ ಯಾವುದು ಲೆಕ್ಕಕ್ಕೆ ನಿಲ್ಲುತ್ತದೆ?

ಸಪ್ತಾಪುರದ ಅಕ್ಕೋರು, ಧಾರವಾಡ:

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ನಿವೃತ್ತರು ಕೆಲವರು ಸೇರಿ ತಿಂಗಳಿಗೊಮ್ಮೆ ಒಂದು ವಿಷಯ ಹಿಡಿದು ಚರ್ಚೆ ನಡೆಸುತ್ತೇವೆ. 2024ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಏಕೆ ಸೋತರು ಎಂಬುದನ್ನು ಮಂಡಿಸುವ ಸರದಿ ಈ ಸಲ ನನಗೆ ಬಂದಿದೆ. ಫಲಿತಾಂಶದ ಬಗ್ಗೆ ಯಾರದೂ ತಕರಾರಿಲ್ಲ. ರಾಜ್ಯವಾರು ಹಂಚಿಕೆಯಾಗಿ ಗೆಲುವನ್ನು ನಿರ್ಧರಿಸುವ ಎಲೆಕ್ಟೋರಲ್ ಮತಗಳಲ್ಲಿ ಟ್ರಂಪ್ 312, ಹ್ಯಾರಿಸ್ 226. ಜನರ ಮತಗಳಲ್ಲಿ ಟ್ರಂಪ್ ಶೇ 49.8, ಹ್ಯಾರಿಸ್ ಶೇ 48.3. ಸುಮಾರು ಹದಿನೈದೂವರೆ ಕೋಟಿ ಮತಗಳಲ್ಲಿ ಇಬ್ಬರ ನಡುವಿನ ಅಂತರ ಸುಮಾರು 23 ಲಕ್ಷ. ತೊಡಕು ಇರುವುದು ಇದರ ಮುಂದೆ.

ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಪ್ರಕಾರ ಆಕೆ ಹೆಣ್ಣಾಗಿದ್ದರಿಂದ, ಅದರಲ್ಲೂ ಬಿಳಿಯ ಹೆಣ್ಣಲ್ಲದ ಕಾರಣ ಸೋತರು. ಅವನ ಮಗಳು ಅಲ್ಲಿಯೇ ಕಾಲೇಜು ಓದುತ್ತಿದ್ದಾಳೆ. ಗಾಜಾದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸೋತರು ಎನ್ನುತ್ತಾಳೆ. ನಮ್ಮ ಅಳಿಯಂದಿರು, ಪಕ್ಷವು ಲಿಂಗತ್ವ ಮತ್ತು ವಲಸೆಯ ವಿಷಯದಲ್ಲಿ ಸಾಮಾನ್ಯ ಜನರಿಂದ ದೂರ ಹೋದದ್ದೇ ಕಾರಣ ಎಂದು ಬರೆಯುತ್ತಾರೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ಡೆಮಾಕ್ರಟಿಕ್ ಪಕ್ಷದ ಒಂದೂವರೆ ಕೋಟಿ ಮತಗಳೇ ಮಾಯವಾಗಿವೆ ಎಂಬ ಸಂದೇಶವನ್ನು ಮೂರು ಉದ್ಗಾರ ಚಿಹ್ನೆಗಳೊಂದಿಗೆ ಕಳಿಸಿದ್ದಾರೆ. ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಮ್ಮ ಜೊತೆ ನಡೆಯಲು ಬರುವ ಹಿರಿಯರೊಬ್ಬರದು ಒಂದೇ ಮಾತು: "ಆ ಮುದುಕ ಬೈಡನ್ ಕುರ್ಚಿ ಲಗೂನ ಬಿಡಲಿಲ್ರೀ, ಅಷ್ಟ."

ನನ್ನನ್ನು ಕಾಡುವ ಸಂಗತಿ ಇದು. ಯಾರು ಯಾವ ಕಾರಣ ಕೊಡುತ್ತಾರೆ ಎಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಬಲ್ಲೆ. ಚುನಾವಣೆಗೆ ಮುಂಚೆ ಯಾವುದರ ಮೇಲೆ ಅವರಿಗೆ ಸಿಟ್ಟಿತ್ತೋ ಚುನಾವಣೆಯ ನಂತರ ಅದೇ ಸೋಲಿಗೆ ಕಾರಣವಾಗಿದೆ. ಹೀಗಿರುವಾಗ ಈ ಕಾರಣಗಳನ್ನು ಒರೆಗೆ ಹಚ್ಚಲು ಏನಾದರೂ ದಾರಿ ಇದೆಯೇ, ಅಥವಾ ಪ್ರತಿಯೊಬ್ಬರ ಅಭಿಪ್ರಾಯವನ್ನೂ ಒಂದೊಂದು ನಿಮಿಷ ಹೇಳಿ ಕುಳಿತುಬಿಡಬೇಕೇ? ತಿಳಿದವರು ದಯವಿಟ್ಟು ಬರೆಯಿರಿ.

ಗೋಕುಲ ರಸ್ತೆಯವ, ಹುಬ್ಬಳ್ಳಿ:

ಅಕ್ಕೋರೇ, ನಾನು ಕಾರ್ಮಿಕ ಸಂಘಟನೆಯಲ್ಲಿ ದುಡಿದವನು. ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಓದಲು ಅನುಕೂಲ.

ನನ್ನ ದೃಷ್ಟಿಯಲ್ಲಿ ಇದು ದುಡಿಯುವ ವರ್ಗವನ್ನು ಕೈಬಿಟ್ಟ ಪಕ್ಷಕ್ಕೆ ಆ ವರ್ಗ ಕೊಟ್ಟ ಉತ್ತರ. ಫಲಿತಾಂಶ ಬಂದ ದಿನವೇ, ಅಂದರೆ 2024ರ ನವೆಂಬರ್ 6ರಂದು, ಸೆನೆಟರ್ ಬರ್ನಿ ಸ್ಯಾಂಡರ್ಸ್ ಇದೇ ಅರ್ಥದ ಹೇಳಿಕೆ ಕೊಟ್ಟರು. ಅಮೆರಿಕದಲ್ಲಿ ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1ಕ್ಕೆ ಏರಿತ್ತು. ಚುನಾವಣೆ ಹೊತ್ತಿಗೆ ಅದು ಶೇ 2.6ಕ್ಕೆ ಇಳಿದಿದೆ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಬೆನ್ನು ತಟ್ಟಿಕೊಂಡರು. ಆದರೆ ಏರಿಕೆಯ ವೇಗ ಇಳಿದರೆ ಬೆಲೆ ಇಳಿದಂತಾಗುವುದಿಲ್ಲ. ದುರ್ಗದಬೈಲಿನ ಖಾನಾವಳಿಯಲ್ಲಿ ಎಪ್ಪತ್ತು ರೂಪಾಯಿಗೆ ಸಿಗುತ್ತಿದ್ದ ರೊಟ್ಟಿ ಊಟ ತೊಂಬತ್ತಕ್ಕೆ ಹೋಗಿ ಅಲ್ಲಿಯೇ ನಿಂತರೆ, ಈ ವರ್ಷ ಎರಡೇ ರೂಪಾಯಿ ಏರಿದೆ ಎಂದು ಮಾಲೀಕ ಹೇಳುವುದರಿಂದ ಉಣ್ಣುವವನಿಗೆ ಯಾವ ಸಮಾಧಾನವೂ ಇಲ್ಲ. 2021ರ ಜನವರಿಗೆ ಹೋಲಿಸಿದರೆ ಅಮೆರಿಕದ ಗ್ರಾಹಕ ಬೆಲೆಗಳು ಚುನಾವಣೆ ಹೊತ್ತಿಗೆ ಸುಮಾರು ಶೇ 20ರಷ್ಟು ಮೇಲಿದ್ದವು. ಮನೆ ಸಾಲದ ಬಡ್ಡಿ ಶೇ 3ರ ಆಸುಪಾಸಿನಿಂದ ಏರಿ ಶೇ 7ರ ಆಸುಪಾಸಿನಲ್ಲಿ ನಿಂತಿತ್ತು.

ಇಂಥ ಸಮಯದಲ್ಲಿ ಹ್ಯಾರಿಸ್ ಏನು ಮಾಡಿದರು? ಅಕ್ಟೋಬರ್ ತಿಂಗಳಲ್ಲಿ ವಿಸ್ಕಾನ್ಸಿನ್‌ನ ರಿಪನ್ ಎಂಬ ಊರಿನಲ್ಲಿ, ರಿಪಬ್ಲಿಕನ್ ಪಕ್ಷ ಹುಟ್ಟಿದ ಸ್ಥಳವೆಂದು ಹೇಳಿಕೊಳ್ಳುವ ಊರಿನಲ್ಲಿ, ಅದೇ ಪಕ್ಷದ ಮಾಜಿ ಸಂಸದೆ ಲಿಜ್ ಚೆನಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಭಾಷಣ ಮಾಡಿದರು. ಲಾರಿ ಚಾಲಕರ ದೊಡ್ಡ ಸಂಘಟನೆಯಾದ ಟೀಮ್‌ಸ್ಟರ್ಸ್ ಆ ಸಲ ಯಾರಿಗೂ ಬೆಂಬಲ ಘೋಷಿಸದೆ ಹಿಂದೆ ಸರಿಯಿತು. ಇನ್ನೊಂದು ಸಾಕ್ಷ್ಯ ಮಿಸೌರಿಯದು. ಟ್ರಂಪ್‌ಗೆ ಶೇ 58ರಷ್ಟು ಮತ ಕೊಟ್ಟ ಆ ರಾಜ್ಯದ ಜನರೇ, ಅದೇ ದಿನ ನಡೆದ ಜನಮತದಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರ್‌ಗೆ ಏರಿಸುವ ಪ್ರಸ್ತಾವಕ್ಕೂ ಸುಮಾರು ಅಷ್ಟೇ ಬಹುಮತ ಕೊಟ್ಟರು. ಅಂದರೆ ಜನರಿಗೆ ಆ ಕಾರ್ಯಕ್ರಮ ಬೇಕಾಗಿತ್ತು, ಆ ಪಕ್ಷ ಬೇಕಾಗಿರಲಿಲ್ಲ.

ವಿದ್ಯಾನಗರದಿಂದ ಡಲ್ಲಾಸ್‌ಗೆ:

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬೆಳೆದು ಈಗ ಟೆಕ್ಸಾಸ್‌ನಲ್ಲಿ ನೆಲೆಸಿರುವ ನನಗೆ ಗೋಕುಲ ರಸ್ತೆಯ ಅಣ್ಣನವರ ವಾದ ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಬೆಲೆ ಏರಿಕೆಯ ಮಾತು ಸರಿ. ಆದರೆ ದುಡಿಯುವ ವರ್ಗವನ್ನು ಕೈಬಿಟ್ಟರು ಎಂಬ ಮಾತು ಹೇಗೆ ನಿಲ್ಲುತ್ತದೆ? 2023ರ ಸೆಪ್ಟೆಂಬರ್‌ನಲ್ಲಿ ಮಿಶಿಗನ್‌ನಲ್ಲಿ ವಾಹನ ಕಾರ್ಖಾನೆಗಳ ನೌಕರರು ಮುಷ್ಕರ ಹೂಡಿದಾಗ ಬೈಡನ್ ಅವರ ನಡುವೆ ಹೋಗಿ ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷನೊಬ್ಬ ಹಾಗೆ ಮುಷ್ಕರನಿರತರ ಸಾಲಿಗೆ ಬಂದದ್ದು ಅದೇ ಮೊದಲು. ಕಾರ್ಖಾನೆಗಳಿಗೆ, ರಸ್ತೆ ಸೇತುವೆಗಳಿಗೆ, ಚಿಪ್ ತಯಾರಿಕೆಗೆ ಅವರ ಸರ್ಕಾರ ಸುರಿದ ಹಣ ಕಡಿಮೆಯದಲ್ಲ. ಅಷ್ಟಾದರೂ ಮಿಶಿಗನ್ ಕೈತಪ್ಪಿತು. ಕೂಲಿಯೊಂದೇ ಜನರ ಚಿಂತೆಯಾಗಿದ್ದರೆ ಹೀಗಾಗಬಾರದಿತ್ತು.

ನಾನು ಇಲ್ಲಿ ನೋಡಿದ್ದು ಬೇರೆ. ಮೆಕ್ಸಿಕೋ ಗಡಿಯ ರಿಯೋ ಗ್ರಾಂಡ್ ನದಿಯ ದಂಡೆಯಲ್ಲಿ ಸ್ಟಾರ್ ಎಂಬ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಅಲ್ಲಿಯ ನಿವಾಸಿಗಳಲ್ಲಿ ಬಹುತೇಕ ಎಲ್ಲರೂ ಮೆಕ್ಸಿಕೋ ಮೂಲದವರು. ನೂರು ವರ್ಷಕ್ಕೂ ಮಿಕ್ಕಿ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಬಿಡದಿದ್ದ ಆ ಕೌಂಟಿ 2024ರಲ್ಲಿ ಟ್ರಂಪ್ ಕಡೆ ಹೋಯಿತು. ಗಡಿ ದಾಟಿ ಬರುವವರ ಸಂಖ್ಯೆ 2023ರ ಡಿಸೆಂಬರ್‌ನಲ್ಲಿ ದಾಖಲೆ ಮಟ್ಟ ಮುಟ್ಟಿದ್ದನ್ನು ಕಣ್ಣಾರೆ ಕಂಡವರು ಅವರು. ಬೈಡನ್ ನಿರ್ಬಂಧ ಹೇರಿದ್ದು 2024ರ ಜೂನ್‌ನಲ್ಲಿ. ಆ ಹೊತ್ತಿಗೆ ಜನ ಮನಸ್ಸು ಗಟ್ಟಿ ಮಾಡಿಕೊಂಡಾಗಿತ್ತು.

ಇನ್ನು ಜಾಹೀರಾತು. ಸೆರೆಮನೆಯಲ್ಲಿರುವವರ ಲಿಂಗ ಪರಿವರ್ತನೆ ಚಿಕಿತ್ಸೆಗೆ ಸರ್ಕಾರಿ ಹಣ ಕೊಡುವುದನ್ನು ಹ್ಯಾರಿಸ್ 2019ರಲ್ಲಿ ಬೆಂಬಲಿಸಿದ್ದ ಮಾತನ್ನು ಹಿಡಿದು ಟ್ರಂಪ್ ಪಾಳೆಯ ಮಾಡಿಸಿದ ಜಾಹೀರಾತು ಫುಟ್‌ಬಾಲ್ ಪಂದ್ಯಗಳ ನಡುವೆ ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೆ ಅವರ ಕಡೆಯಿಂದ ನೇರ ಉತ್ತರ ಬಂದದ್ದನ್ನು ನಾನು ನೋಡಲಿಲ್ಲ. ಅಕ್ಟೋಬರ್ 8ರಂದು ದೂರದರ್ಶನದ ಸಂದರ್ಶನವೊಂದರಲ್ಲಿ, ಬೈಡನ್‌ಗಿಂತ ಬೇರೆಯಾಗಿ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ತಕ್ಷಣಕ್ಕೆ ಏನೂ ತೋಚುತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಬದಲಾವಣೆ ಬೇಕು ಎನ್ನುತ್ತಿದ್ದ ದೇಶದಲ್ಲಿ ಅಭ್ಯರ್ಥಿ ಹಾಗೆ ಉತ್ತರಿಸಿದ ಮೇಲೆ ಸೋಲಿಗೆ ಹೆಣ್ತನವನ್ನೋ ಬಣ್ಣವನ್ನೋ ಹೊಣೆ ಮಾಡುವುದು ಮತದಾರರಿಗೆ ಮಾಡುವ ಅವಮಾನ.

ಗದಗಿನ ಮಾಸ್ತರ:

ಅಕ್ಕೋರು ಕೇಳಿದ್ದು ದಾರಿಯನ್ನು. ಈ ತನಕ ಬಂದ ಎರಡೂ ಉತ್ತರಗಳಲ್ಲಿ ಕಾರಣಗಳಿವೆ. ಇಬ್ಬರೂ ಹೇಳಿದ ಸಂಗತಿಗಳು ನಿಜವಾದವು. ಆದರೆ ನಿಜವಾದ ಸಂಗತಿಯೊಂದನ್ನು ಹೇಳುವುದು ಬೇರೆ, ಅದರಿಂದಲೇ ಸೋಲಾಯಿತು ಎಂದು ತೋರಿಸುವುದು ಬೇರೆ. ಸಂಖ್ಯಾಶಾಸ್ತ್ರ ಕಲಿಸಿದವನಾಗಿ ನನಗೆ ಕಾಣುವುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಅಂತರವನ್ನು ನೋಡಿ. ಪೆನ್ಸಿಲ್ವೇನಿಯಾದಲ್ಲಿ ಸುಮಾರು 1,20,000, ಮಿಶಿಗನ್‌ನಲ್ಲಿ ಸುಮಾರು 80,000, ವಿಸ್ಕಾನ್ಸಿನ್‌ನಲ್ಲಿ ಸುಮಾರು 29,000 ಮತಗಳಿಂದ ಹ್ಯಾರಿಸ್ ಸೋತರು. ಈ ಮೂರು ರಾಜ್ಯಗಳ ಎಲೆಕ್ಟೋರಲ್ ಮತಗಳು 19, 15 ಮತ್ತು 10. ಅವರ 226ಕ್ಕೆ ಈ 44 ಸೇರಿಸಿದರೆ ಗೆಲುವಿಗೆ ಬೇಕಾದ 270 ಸರಿಯಾಗಿ ಬರುತ್ತದೆ. ಅಂದರೆ ಮೂರು ರಾಜ್ಯಗಳಲ್ಲಿ ಒಟ್ಟು ಒಂದು ಲಕ್ಷ ಹದಿನೈದು ಸಾವಿರದಷ್ಟು ಜನ ಟ್ರಂಪ್ ಬದಲು ಅವರಿಗೆ ಮತ ಹಾಕಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಹಾಗಾಗಿ, ಒಂದು ಲಕ್ಷ ಚಿಲ್ಲರೆ ಜನರ ಮನಸ್ಸನ್ನು ತಿರುಗಿಸಿರಬಹುದಾದ ಯಾವ ಸಂಗತಿಯನ್ನು ಎತ್ತಿಕೊಂಡರೂ "ಇದೊಂದು ಇಲ್ಲದಿದ್ದರೆ ಗೆಲ್ಲುತ್ತಿದ್ದರು" ಎಂಬ ವಾಕ್ಯ ಚೆನ್ನಾಗಿಯೇ ಕೂಡುತ್ತದೆ. ಬೆಲೆ, ಗಡಿ, ಜಾಹೀರಾತು, ಸಂದರ್ಶನ, ಬೈಡನ್, ಎಲ್ಲದಕ್ಕೂ ಕೂಡುತ್ತದೆ. ಪ್ರತಿ ಬಣಕ್ಕೂ ತನ್ನ ಕಾರಣ ಖಚಿತವೆಂದು ಅನಿಸುವುದು ಇದರಿಂದಲೇ.

2000ದ ಚುನಾವಣೆ ಇದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ. ಫ್ಲಾರಿಡಾದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಆಲ್ ಗೋರ್ ಸೋತದ್ದು 537 ಮತಗಳಿಂದ. ಅಲ್ಲಿ ಗ್ರೀನ್ ಪಕ್ಷದ ರಾಲ್ಫ್ ನಾಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು ಮತ. ಹೀಗಾಗಿ ನಾಡರ್ ಸೋಲಿಸಿದರು ಎಂದು ಪಕ್ಷದ ಮಧ್ಯಮಮಾರ್ಗಿಗಳು ಇಂದಿಗೂ ಹೇಳುತ್ತಾರೆ. ಪಾಮ್ ಬೀಚ್ ಕೌಂಟಿಯ ಗೊಂದಲದ ಮತಪತ್ರ ಸೋಲಿಸಿತು ಎಂದು ಕೆಲವರು, ಮರುಎಣಿಕೆ ನಿಲ್ಲಿಸಿದ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ತೀರ್ಪು ಸೋಲಿಸಿತು ಎಂದು ಇನ್ನು ಕೆಲವರು. ಗೋರ್ ತಮ್ಮ ತವರು ರಾಜ್ಯ ಟೆನೆಸ್ಸಿಯನ್ನೇ ಸೋತರು, ಅದನ್ನು ಗೆದ್ದಿದ್ದರೆ ಫ್ಲಾರಿಡಾದ ಗೊಡವೆಯೇ ಬೇಕಿರಲಿಲ್ಲ ಎಂದು ಎದುರಾಳಿಗಳು. ಅಂಕಗಣಿತದ ಮಟ್ಟಿಗೆ ಇವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ಒರೆಗಲ್ಲು ಯಾವುದು? ಯಾವುದೇ ಕಾರಣ ನಿಜವಾಗಿದ್ದರೆ ಅದು ಎಲ್ಲಿ ಗುರುತು ಬಿಡಬೇಕಿತ್ತು ಎಂದು ಕೇಳಿಕೊಂಡು, ಆಮೇಲೆ ಆ ಜಾಗಕ್ಕೆ ಹೋಗಿ ನೋಡುವುದು. ಇದನ್ನೇ ಒಂದೊಂದಾಗಿ ಪ್ರಯೋಗಿಸಿ ನೋಡೋಣ.

ಪ್ರಚಾರ ಕೆಟ್ಟದ್ದಾಗಿತ್ತು, ಜಾಹೀರಾತಿಗೆ ಉತ್ತರ ಕೊಡಲಿಲ್ಲ, ಚೆನಿಯವರ ಜೊತೆ ಓಡಾಡಿದರು ಎಂಬ ವಾದಗಳು ನಿಜವಾಗಿದ್ದರೆ, ಪ್ರಚಾರದ ಅಬ್ಬರ ಎಲ್ಲಿ ಹೆಚ್ಚಿತ್ತೋ ಅಲ್ಲಿ ನಷ್ಟ ಹೆಚ್ಚಾಗಬೇಕು. ಆದದ್ದು ತಿರುವುಮುರುವು. ದೇಶದ ಒಟ್ಟು ಲೆಕ್ಕದಲ್ಲಿ ಬೈಡನ್ 2020ರಲ್ಲಿ ಶೇ 4.5ರ ಮುನ್ನಡೆ ಪಡೆದಿದ್ದರು, ಹ್ಯಾರಿಸ್ ಶೇ 1.5ರ ಹಿನ್ನಡೆ ಕಂಡರು. ಅಂದರೆ ಒಟ್ಟು ಸರಿತ, ಮತ ಟ್ರಂಪ್ ಕಡೆ ವಾಲಿದ ಪ್ರಮಾಣ, ಸುಮಾರು ಶೇ 6. ವಿಸ್ಕಾನ್ಸಿನ್‌ನಲ್ಲಿ ಆ ಸರಿತ ಶೇ 1.5ರಷ್ಟು ಮಾತ್ರ, ಉತ್ತರ ಕೆರೊಲಿನಾದಲ್ಲಿ ಶೇ 2ರ ಸುತ್ತ, ಪೆನ್ಸಿಲ್ವೇನಿಯಾದಲ್ಲಿ ಶೇ 3ರ ಸುತ್ತ. ಅದೇ ನಿಮ್ಮ ತಮ್ಮನವರ ನ್ಯೂಜೆರ್ಸಿಯಲ್ಲಿ, ಎರಡೂ ಪಕ್ಷಗಳು ಅಧ್ಯಕ್ಷ ಸ್ಥಾನಕ್ಕಾಗಿ ಹಣ ಖರ್ಚು ಮಾಡುವ ಗೋಜಿಗೆ ಹೋಗದ ರಾಜ್ಯದಲ್ಲಿ, ಬೈಡನ್‌ರ ಶೇ 16ರ ಮುನ್ನಡೆ ಹ್ಯಾರಿಸ್ ಕಾಲಕ್ಕೆ ಶೇ 6ಕ್ಕೆ ಇಳಿಯಿತು. ನ್ಯೂಯಾರ್ಕ್‌ನಲ್ಲಿ ಶೇ 23 ಇದ್ದದ್ದು ಶೇ 13ಕ್ಕಿಂತ ಕೆಳಗೆ ಬಂತು. ಹ್ಯಾರಿಸ್ ಸಭೆಗಳು ನಡೆದ, ಅವರ ಕಾರ್ಯಕರ್ತರು ಮನೆಮನೆ ತಟ್ಟಿದ, ಟಿವಿಯಲ್ಲಿ ಎರಡೂ ಕಡೆಯ ಜಾಹೀರಾತು ಕೇಳಿ ಕೇಳಿ ಜನ ಬೇಸತ್ತ ರಾಜ್ಯಗಳಲ್ಲೇ ಅವರು ಹೆಚ್ಚು ಗಟ್ಟಿಯಾಗಿ ನಿಂತರು. ಡಲ್ಲಾಸ್‌ನವರು ಹೇಳಿದ ಜಾಹೀರಾತು ಪರಿಣಾಮವನ್ನೇ ಬೀರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅದು ನಿರ್ಣಾಯಕವಾಗಿತ್ತು ಎನ್ನಲು ಈ ಅಂಕಿಗಳು ಒಪ್ಪುವುದಿಲ್ಲ ಎಂದಷ್ಟೇ.

ವಾಟ್ಸಾಪ್‌ನ ಒಂದೂವರೆ ಕೋಟಿ ಮತಗಳ ವಿಷಯ. ಅದು ಎಣಿಕೆ ಅರ್ಧದಲ್ಲಿದ್ದಾಗ ಹುಟ್ಟಿದ ಸುದ್ದಿ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ. ಮೊದಲ ಎರಡು ದಿನಗಳ ಮೊತ್ತವನ್ನು ಬೈಡನ್‌ರ 8 ಕೋಟಿ 12 ಲಕ್ಷದ ಪಕ್ಕಕ್ಕಿಟ್ಟು, ಒಂದು ಕಡೆಯವರು 2020ರ ಮತಗಳೇ ನಕಲಿ ಎಂದರು, ಇನ್ನೊಂದು ಕಡೆಯವರು ನಮ್ಮವರು ಮುನಿಸಿಕೊಂಡು ಮನೆಯಲ್ಲೇ ಕುಳಿತರು ಎಂದರು. ಒಂದೇ ತಪ್ಪು ಅಂಕಿಯಿಂದ ಎರಡು ಪಕ್ಷಗಳೂ ತಮಗೆ ಬೇಕಾದ ಕಥೆ ಕಟ್ಟಿಕೊಂಡದ್ದು ಹೀಗೆ. ಎಣಿಕೆ ಮುಗಿದಾಗ ಹ್ಯಾರಿಸ್‌ಗೆ ಸುಮಾರು 7 ಕೋಟಿ 50 ಲಕ್ಷ ಮತ ಬಂದಿತ್ತು, ಅಂದರೆ ಕೊರತೆ ಸುಮಾರು 62 ಲಕ್ಷ. ಅದು ಸಣ್ಣದಲ್ಲ. ಆದರೆ ಜಾರ್ಜಿಯಾ, ಉತ್ತರ ಕೆರೊಲಿನಾ, ವಿಸ್ಕಾನ್ಸಿನ್, ನೆವಾಡಾ ಈ ನಾಲ್ಕು ನಿರ್ಣಾಯಕ ರಾಜ್ಯಗಳಲ್ಲಿ ಅವರು ಬೈಡನ್‌ಗಿಂತ ಹೆಚ್ಚು ಮತ ಪಡೆದು ಸೋತರು. ಅಲ್ಲಿ ಟ್ರಂಪ್‌ಗೆ ಅದಕ್ಕೂ ಹೆಚ್ಚು ಮತ ಕೂಡಿದವು. ಮನೆಯಲ್ಲಿ ಕುಳಿತವರ ಕಥೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಿಗೆ ಹೊಂದಬಹುದು. ಫಲಿತಾಂಶ ನಿರ್ಧಾರವಾದ ಜಾಗಗಳಲ್ಲಿ ಹೊಂದುವುದಿಲ್ಲ.

ಹೆಣ್ಣೆಂಬ ಕಾರಣಕ್ಕೆ ಸೋತರು ಎಂಬ ವಾದಕ್ಕೆ ಒಳ್ಳೆಯ ಹೋಲಿಕೆ ಲಭ್ಯವಿದೆ. ಅದೇ ದಿನ, ಅದೇ ಮತದಾರರ ಮುಂದೆ, ವಿಸ್ಕಾನ್ಸಿನ್‌ನಲ್ಲಿ ಟ್ಯಾಮಿ ಬಾಲ್ಡ್ವಿನ್, ಮಿಶಿಗನ್‌ನಲ್ಲಿ ಎಲಿಸ್ಸಾ ಸ್ಲಾಟ್‌ಕಿನ್, ನೆವಾಡಾದಲ್ಲಿ ಜ್ಯಾಕಿ ರೋಸೆನ್ ಡೆಮಾಕ್ರಟಿಕ್ ಪಕ್ಷದಿಂದಲೇ ಸೆನೆಟ್ ಸ್ಥಾನ ಗೆದ್ದರು. ಹ್ಯಾರಿಸ್ ಸೋತ ರಾಜ್ಯಗಳಿವು, ಗೆದ್ದ ಮೂವರೂ ಮಹಿಳೆಯರು. ಅಧ್ಯಕ್ಷ ಪದವಿಗೆ ಹೆಣ್ಣನ್ನು ನೋಡುವ ಕಣ್ಣು ಬೇರೆ ಎಂದು ನಿಮ್ಮ ತಮ್ಮನವರು ಹೇಳಬಹುದು, ಮೂವರೂ ಬಿಳಿಯರು ಎಂದೂ ಹೇಳಬಹುದು. ಅದನ್ನು ತಳ್ಳಿಹಾಕಲು ನನ್ನ ಬಳಿ ಅಂಕಿಯಿಲ್ಲ. ಆದರೂ ಈ ಮೂವರ ಗೆಲುವನ್ನು ಬದಿಗಿಟ್ಟು ಆ ವಾದ ಮಾಡುವಂತಿಲ್ಲ.

ಗಾಜಾ ವಿಷಯಕ್ಕೆ ಗುರುತು ಇದೆ, ಅಳತೆ ಸಾಲದು. ಅರಬ್ ಮೂಲದವರು ಹೆಚ್ಚಾಗಿರುವ ಮಿಶಿಗನ್‌ನ ಡಿಯರ್‌ಬಾರ್ನ್ ನಗರದಲ್ಲಿ 2020ರಲ್ಲಿ ಬೈಡನ್‌ಗೆ ಹತ್ತಿರ ಹತ್ತಿರ ಶೇ 70ರಷ್ಟು ಮತ ಬಂದಿತ್ತು. 2024ರಲ್ಲಿ ಹ್ಯಾರಿಸ್‌ಗೆ ಸಿಕ್ಕಿದ್ದು ಶೇ 36, ಟ್ರಂಪ್‌ಗೆ ಶೇ 42, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ಶೇ 18. ನಿಮ್ಮ ತಮ್ಮನವರ ಮಗಳು ಹೇಳುತ್ತಿರುವುದು ಸುಳ್ಳಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ಇಡೀ ಮಿಶಿಗನ್‌ನಲ್ಲಿ ಸ್ಟೈನ್‌ಗೆ ಬಂದದ್ದು ಸುಮಾರು 45 ಸಾವಿರ. ಅಂತರ 80 ಸಾವಿರ. ಅಷ್ಟೂ ಮತಗಳನ್ನು ಹ್ಯಾರಿಸ್ ಬುಟ್ಟಿಗೆ ಸುರಿದರೂ ಆ ರಾಜ್ಯ ಕೈಗೆ ಬರುತ್ತಿರಲಿಲ್ಲ. ಬಂದಿದ್ದರೂ ಪೆನ್ಸಿಲ್ವೇನಿಯಾ ಬಾಕಿ ಉಳಿಯುತ್ತಿತ್ತು.

ಉಳಿದದ್ದು ಬೆಲೆ ಮತ್ತು ಗಡಿ. ದೇಶದ ಹತ್ತರಲ್ಲಿ ಸುಮಾರು ಒಂಬತ್ತು ಕೌಂಟಿಗಳು 2020ಕ್ಕಿಂತ ಟ್ರಂಪ್ ಕಡೆಗೆ ಸರಿದವು: ಹಳ್ಳಿ, ಪಟ್ಟಣ, ಬಿಳಿಯರ ಊರು, ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದವರ) ಊರು ಎಂಬ ಭೇದವಿಲ್ಲದೆ. ಎಲ್ಲೆಡೆ ಒಂದೇ ದಿಕ್ಕಿನಲ್ಲಿ ಗಾಳಿ ಬೀಸಿದಾಗ ಕಾರಣವೂ ಎಲ್ಲೆಡೆ ಇದ್ದದ್ದೇ ಆಗಿರಬೇಕು. ಬೆಲೆ ಅಂಥದ್ದು. ಹೊರದೇಶಗಳಲ್ಲಿಯೂ ಅದೇ ವರ್ಷ ಅಧಿಕಾರದಲ್ಲಿದ್ದವರಿಗೆ ಪೆಟ್ಟು ಬಿತ್ತು. ಬ್ರಿಟನ್‌ನಲ್ಲಿ 14 ವರ್ಷ ಆಳಿದ ಕನ್ಸರ್ವೇಟಿವ್ ಪಕ್ಷ ಜುಲೈನಲ್ಲಿ ನೆಲಕಚ್ಚಿತು. ದಕ್ಷಿಣ ಆಫ್ರಿಕಾದಲ್ಲಿ ಆಳುವ ಪಕ್ಷ ಎಎನ್‌ಸಿ 1994ರ ನಂತರ ಮೊದಲ ಬಾರಿ ಬಹುಮತ ಕಳೆದುಕೊಂಡಿತು. ಜಪಾನ್‌ನಲ್ಲಿ ಆಳುವ ಮೈತ್ರಿಕೂಟಕ್ಕೆ ಅಕ್ಟೋಬರ್‌ನಲ್ಲಿ ಕೆಳಮನೆಯ ಬಹುಮತ ಹೋಯಿತು. ಎಡ, ಬಲ ಎಂದು ಮತದಾರ ಆರಿಸಲಿಲ್ಲ, ಕುರ್ಚಿಯಲ್ಲಿ ಕುಳಿತವರನ್ನು ಹುಡುಕಿ ಹೊಡೆದ. ಗಡಿಯ ವಿಷಯವನ್ನು ಇದರಿಂದ ಪೂರ್ತಿ ಬೇರ್ಪಡಿಸಲು ನನಗೆ ಸಾಧ್ಯವಾಗುತ್ತಿಲ್ಲ. ಟೆಕ್ಸಾಸ್ ರಾಜ್ಯಪಾಲರು ವಲಸಿಗರನ್ನು ಬಸ್ಸುಗಳಲ್ಲಿ ನ್ಯೂಯಾರ್ಕ್, ಶಿಕಾಗೋಗಳಿಗೆ ಕಳಿಸಿದ್ದರಿಂದ ಗಡಿಯ ಪ್ರಶ್ನೆ ಗಡಿಯಿಂದ ಸಾವಿರಾರು ಮೈಲಿ ದೂರದ ನಗರಗಳಿಗೂ ತಲುಪಿತು. ನ್ಯೂಯಾರ್ಕ್‌ನ ಸರಿತಕ್ಕೆ ಅದೂ ಕಾರಣವಿರಬಹುದು.

ನನ್ನ ತೀರ್ಮಾನವನ್ನು ಕೇಳಿದರೆ, ಬೆಲೆ ಮೊದಲು, ಗಡಿ ನಂತರ, ಉಳಿದದ್ದು ಅಂಚಿನಲ್ಲಿ. ಗೋಕುಲ ರಸ್ತೆಯವರ ಅರ್ಧ ವಾದ ಗೆದ್ದಿತು ಎಂದುಕೊಳ್ಳಿ. ಬೆಲೆಯಿಂದ ಸೋತರು ಎಂಬ ಅರ್ಧ ಅದು. ಎಡಕ್ಕೆ ಹೋಗಿದ್ದರೆ ಗೆಲ್ಲುತ್ತಿದ್ದರು ಎಂಬ ಅರ್ಧಕ್ಕೆ ಮಿಸೌರಿಯ ಜನಮತವೊಂದೇ ಆಧಾರ ಸಾಲದು.

ಶಿಗ್ಗಾವಿ ವಕೀಲ, ಹಾವೇರಿ ಜಿಲ್ಲೆ:

ಮಾಸ್ತರ ಲೆಕ್ಕಕ್ಕೆ ಶರಣು. ಆದರೆ ಒಂದು ಆಕ್ಷೇಪವಿದೆ.

ಅಮೆರಿಕದಲ್ಲಿ ನವೆಂಬರ್ 5ಕ್ಕೆ ಮತದಾನವಾದರೆ ನಮ್ಮಲ್ಲಿ 13ಕ್ಕೆ ವಿಧಾನಸಭೆ ಉಪಚುನಾವಣೆ ಆಯಿತು. ಲೋಕಸಭೆಗೆ ಆಯ್ಕೆಯಾದ ಬಸವರಾಜ ಬೊಮ್ಮಾಯಿಯವರು ತೆರವು ಮಾಡಿದ ಸ್ಥಾನಕ್ಕೆ ಅವರ ಮಗ ಭರತ್ ಬೊಮ್ಮಾಯಿ ನಿಂತರು. 2023ರಲ್ಲಿ ತಂದೆ ಸುಮಾರು 36 ಸಾವಿರ ಮತಗಳಿಂದ ಗೆದ್ದಿದ್ದ ಕ್ಷೇತ್ರವನ್ನು ಮಗ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಂದು ಸೋತಿದ್ದ ಯಾಸಿರ್ ಅಹ್ಮದ್ ಖಾನ್ ಪಠಾಣರೇ ಗೆದ್ದರು. ಫಲಿತಾಂಶದ ಮರುದಿನ ನಮ್ಮ ಕೋರ್ಟಿನ ಬಾರ್ ರೂಮಿನಲ್ಲಿ ಅಕ್ಕೋರ ಕುಟುಂಬದ ಗುಂಪಿನಲ್ಲಿ ನಡೆದದ್ದೇ ನಡೆಯಿತು. ಗ್ಯಾರಂಟಿ ಯೋಜನೆ ಎಂದವರು ಒಂದು ಪಕ್ಷದವರು, ಸರ್ಕಾರದ ಯಂತ್ರ ಮತ್ತು ಹಣ ಎಂದವರು ಇನ್ನೊಂದು ಪಕ್ಷದವರು, ಕುಟುಂಬ ರಾಜಕಾರಣ ಎಂದವರು ಟಿಕೆಟ್ ಸಿಗದವರ ಕಡೆಯವರು. ಯಾರ ಬಾಯಿಯಿಂದ ಯಾವುದು ಬರುತ್ತದೆ ಎಂಬುದು ನಮಗೂ ಮೊದಲೇ ಗೊತ್ತಿತ್ತು.

ನನ್ನ ಆಕ್ಷೇಪ ಇದು. ಎಲ್ಲೆಡೆ ಬೀಸುವ ಗಾಳಿ ಎಲ್ಲರನ್ನೂ ಕೆಡವುವುದಿಲ್ಲ. 2024ರ ಜೂನ್‌ನಲ್ಲಿ ಮೆಕ್ಸಿಕೋದಲ್ಲಿ ಆಳುವ ಪಕ್ಷದ ಕ್ಲಾಡಿಯಾ ಶೇನ್‌ಬಾಮ್ ಭಾರಿ ಅಂತರದಿಂದ ಗೆದ್ದರು, ಬೆಲೆ ಏರಿಕೆ ಅಲ್ಲಿಯೂ ಇತ್ತು. ಮಾಸ್ತರೇ ಹೇಳಿದ ಬಾಲ್ಡ್ವಿನ್, ಸ್ಲಾಟ್‌ಕಿನ್ ಕೂಡ ಅದೇ ಗಾಳಿಯಲ್ಲಿ ನಿಂತು ಗೆದ್ದವರು. ಅವರ ಗೆಲುವನ್ನು ಹೆಣ್ತನದ ವಾದಕ್ಕೆ ಉತ್ತರವಾಗಿ ಬಳಸಿದ ಮೇಲೆ, ಬೆಲೆಯೇ ಎಲ್ಲಕ್ಕೂ ಕಾರಣ ಎಂಬ ವಾದಕ್ಕೆ ಎದುರಾಗಿಯೂ ಅದನ್ನು ಬಳಸಬೇಕಾಗುತ್ತದೆ. ಬೆಲೆಯಿಂದ ಪಕ್ಷ ಶೇ 6 ಕಳೆದುಕೊಂಡಿತು ಎಂದು ಒಪ್ಪೋಣ. ಆದರೆ ಕೊನೆಯ ಶೇ 1.7ನ್ನು ಪೆನ್ಸಿಲ್ವೇನಿಯಾದಲ್ಲಿ ಉಳಿಸಿಕೊಳ್ಳುವುದು ಅಭ್ಯರ್ಥಿಯ ಕೈಯಲ್ಲಿತ್ತೋ ಇಲ್ಲವೋ ಎಂಬುದೇ ನಿಜವಾದ ವಿವಾದ. ಅಲ್ಲಿ ಡಲ್ಲಾಸ್‌ನವರು ಹೇಳಿದ ಅಕ್ಟೋಬರ್ 8ರ ಉತ್ತರಕ್ಕೆ ತೂಕವಿದೆ. ಬೈಡನ್‌ರ ಮೇಲೆ ಜನರಿಗಿದ್ದ ಸಿಟ್ಟನ್ನು ಅವರು ಆ ಒಂದು ಉತ್ತರದಿಂದ ತಮ್ಮ ತಲೆಗೆ ಕಟ್ಟಿಕೊಂಡರು. ಸೆನೆಟ್ ಅಭ್ಯರ್ಥಿಗಳಿಗೆ ಆ ಹೊರೆ ಇರಲಿಲ್ಲ.

ಸಪ್ತಾಪುರದ ಅಕ್ಕೋರು:

ಎಲ್ಲರಿಗೂ ಕೃತಜ್ಞತೆಗಳು. ವಕೀಲರ ಆಕ್ಷೇಪವನ್ನೂ ಸೇರಿಸಿಯೇ ಮಂಡಿಸುತ್ತೇನೆ. ನಮ್ಮ ಮೈದಾನದ ಹಿರಿಯರಿಗೆ ಹೇಳಬೇಕಾದ ಉತ್ತರ ಮಾತ್ರ ಯಾರೂ ಕೊಡಲಿಲ್ಲ: ಬೈಡನ್ ಬೇಗ ಹಿಂದೆ ಸರಿದಿದ್ದರೆ ಏನಾಗುತ್ತಿತ್ತು? ಇನ್ನೊಂದು ಸಂದೇಹ. ಸೋತದ್ದಂತೂ ಆಗಿಹೋಯಿತು, ಕಾರಣದ ಬಗ್ಗೆ ಆ ಪಕ್ಷದವರೇ ತಮ್ಮೊಳಗೆ ಇಷ್ಟು ಜೋರಾಗಿ ಏಕೆ ಕಾದಾಡುತ್ತಾರೆ?

ಗದಗಿನ ಮಾಸ್ತರ:

ವಕೀಲರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಪೆನ್ಸಿಲ್ವೇನಿಯಾದಲ್ಲಿ ಬಾಬ್ ಕೇಸಿ ಎಂಬ ಹಳೆಯ, ಜನಪ್ರಿಯ ಡೆಮಾಕ್ರಟಿಕ್ ಸೆನೆಟರ್ ಕೂಡ ಅದೇ ದಿನ ಸೋತರು. ಅಲ್ಲಿ ಅಭ್ಯರ್ಥಿಯ ಕೈಯಲ್ಲಿ ಎಷ್ಟಿತ್ತು ಎಂಬುದು ಸಂಶಯವೇ.

ಬೈಡನ್ ವಿಷಯ. ಟ್ರಂಪ್ ಜೊತೆ ಜೂನ್ 27ರಂದು ನಡೆದ ಟಿವಿ ಚರ್ಚೆಯಲ್ಲಿ ಅವರು ತಡವರಿಸಿದರು, ಜುಲೈ 21ರಂದು ಕಣದಿಂದ ಹಿಂದೆ ಸರಿದರು, ಹ್ಯಾರಿಸ್‌ಗೆ ಸಿಕ್ಕಿದ್ದು 107 ದಿನ. ಅವರು ಮೊದಲೇ ಸರಿದಿದ್ದರೆ ಬೇರೆ ಅಭ್ಯರ್ಥಿಗಳೂ ಕಣಕ್ಕೆ ಬರಬಹುದಿತ್ತು ಎಂದು ಫಲಿತಾಂಶದ ನಂತರ ಅದೇ ಪಕ್ಷದ ಹಿರಿಯ ನಾಯಕಿ ನ್ಯಾನ್ಸಿ ಪೆಲೋಸಿಯವರೇ ಹೇಳಿದರು. ಈ ವಾದಕ್ಕೆ ನನ್ನ ಒರೆಗಲ್ಲು ಉಪಯೋಗವಿಲ್ಲ, ಏಕೆಂದರೆ ಇದು ಎಲ್ಲಾ ರಾಜ್ಯಗಳಿಗೂ ಏಕರೀತಿಯಾಗಿ ಅನ್ವಯಿಸುವ ಸಂಗತಿ, ಹೋಲಿಸಿ ನೋಡಲು ಬೈಡನ್ ಬೇಗ ಸರಿದ ಇನ್ನೊಂದು ಅಮೆರಿಕ ಇಲ್ಲ. ಹಿರಿಯರ ಮಾತು ಸರಿಯಿರಬಹುದು. ಅದನ್ನು ಸಾಬೀತಾದ ಕಾರಣಗಳ ಸಾಲಿನಲ್ಲಿ ಮಾತ್ರ ಇಡಬೇಡಿ. ಪಕ್ಷದೊಳಗಿನ ಪ್ರಾಥಮಿಕ ಸುತ್ತಿನಲ್ಲಿ ಗೆದ್ದು ಬರುವ ಬೇರೆ ಅಭ್ಯರ್ಥಿಯೂ ಅದೇ ಸರ್ಕಾರದ ಅದೇ ಬೆಲೆಗಳಿಗೆ ಉತ್ತರ ಕೊಡಬೇಕಾಗುತ್ತಿತ್ತು ಎಂಬುದನ್ನೂ ಜೊತೆಗೆ ಹೇಳಿ.

ಕಾದಾಟದ ಕಾರಣ ಸರಳವಿದೆ. ಸೋಲಿಗೆ ಯಾರ ವಿವರಣೆ ಪಕ್ಷದಲ್ಲಿ ಒಪ್ಪಿತವಾಗುತ್ತದೋ ಮುಂದಿನ ಟಿಕೆಟ್ ಅವರ ಬಣಕ್ಕೆ ಹೋಗುತ್ತದೆ. 1988ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಕೇವಲ 111 ಎಲೆಕ್ಟೋರಲ್ ಮತ ಪಡೆದು ಸೋತ ಮೇಲೆ, ಪಕ್ಷ ವಿಪರೀತ ಎಡಕ್ಕೆ ಹೋಗಿದ್ದರಿಂದ ಸೋತೆವು ಎಂಬ ವಿವರಣೆ ಮೇಲುಗೈ ಪಡೆಯಿತು. ಆ ವಿವರಣೆಯ ಹಿಂದಿದ್ದ ಮಧ್ಯಮಮಾರ್ಗಿ ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 1992ರಲ್ಲಿ ಅಭ್ಯರ್ಥಿಯಾದರು, ಗೆದ್ದರು.

ಆದರೆ ಹಾಗೆ ಒಪ್ಪಿತವಾದ ವಿವರಣೆ ಯಾವಾಗಲೂ ಬೆಲೆ ಬಾಳುತ್ತದೆ ಎಂದೇನಿಲ್ಲ. 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮಿಟ್ ರಾಮ್ನಿ 206 ಎಲೆಕ್ಟೋರಲ್ ಮತಗಳಿಗೆ ನಿಂತಾಗ, ಹಿಸ್ಪಾನಿಕ್ ಮತದಾರರಲ್ಲಿ ಅವರಿಗೆ ಶೇ 27 ಮಾತ್ರ ಸಿಕ್ಕಿತ್ತು. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ 2013ರ ಮಾರ್ಚ್‌ನಲ್ಲಿ ಸೋಲಿನ ಅಧಿಕೃತ ಪರಾಮರ್ಶೆಯನ್ನೇ ಪ್ರಕಟಿಸಿ, ವಲಸೆ ಕಾನೂನಿನ ಸಮಗ್ರ ಸುಧಾರಣೆಗೆ ಬೆಂಬಲ ಕೊಡದಿದ್ದರೆ ಪಕ್ಷಕ್ಕೆ ಭವಿಷ್ಯವಿಲ್ಲ ಎಂಬರ್ಥದ ಸಲಹೆ ಕೊಟ್ಟಿತು. ಎರಡು ವರ್ಷ ಕಳೆದ ಮೇಲೆ, 2015ರ ಜೂನ್‌ನಲ್ಲಿ, ಗಡಿಗೆ ಗೋಡೆ ಕಟ್ಟುತ್ತೇನೆ ಎಂದು ಹೇಳುತ್ತ ಟ್ರಂಪ್ ಕಣಕ್ಕಿಳಿದರು. 2016ರಲ್ಲಿ ಅವರು ಗೆದ್ದರು. 2024ರಲ್ಲಿ ಮತಗಟ್ಟೆ ಸಮೀಕ್ಷೆಯ ಪ್ರಕಾರ ಹಿಸ್ಪಾನಿಕ್ ಮತದಾರರಲ್ಲಿ ಶೇ 46 ಮಂದಿ ಅವರಿಗೆ ಮತ ಕೊಟ್ಟಿದ್ದರು. ಡಲ್ಲಾಸ್‌ನವರು ಹೇಳಿದ ಸ್ಟಾರ್ ಕೌಂಟಿಯೂ ಅದರಲ್ಲಿ ಸೇರಿದೆ. ಅಕ್ಕೋರೇ, ಸಮಯ ಉಳಿದರೆ ಈ 2013ರ ಪರಾಮರ್ಶೆಯ ಪ್ರಸಂಗವನ್ನು ನಿಮ್ಮ ಸಭೆಯಲ್ಲಿ ಹೇಳಿ. ಇಂದು ಡೆಮಾಕ್ರಟಿಕ್ ಪಕ್ಷದವರು ಬರೆಯುತ್ತಿರುವ ಪರಾಮರ್ಶೆಗಳನ್ನು ಓದುವಾಗ ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಅಂದಾಜು ಕೇಳುವವರಿಗೆ ಸಿಗುತ್ತದೆ.